ಮಾಸ್ತರು ಮಂತ್ರಿಯಾದರೆ ಕನ್ನಡ ಸಾಲಿಗೆ ಬಂದದ್ದೇನು?

"ಸಾಲಿ ಕಲಿಸಿದವರನ್ನ ಶಿಕ್ಷಣ ಮಂತ್ರಿ ಮಾಡ್ಬೇಕ್ರೀ. ಅವರಿಗೇ ಗೊತ್ತಿರ್ತೈತಿ ಕಷ್ಟ." ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನಲ್ಲಿ ಸುದ್ದಿಗಾಗಿ ಓಡಾಡುವ ನಾವು ಈ ಮಾತನ್ನು ಕೇಳದ ಊರಿಲ್ಲ. ಮೇ ಕೊನೆಗೆ ಶಾಲೆ ಬಾಗಿಲು ತೆರೆದ ಮೇಲೆ, ಇದ್ದ ಒಬ್ಬ ಗಣಿತದ ಮಾಸ್ತರು ವರ್ಗವಾಗಿ ಹೋದ ಸುದ್ದಿ ಬಂದ ಮೇಲೆ, ಎಸ್‌ಡಿಎಂಸಿ ಸಭೆ ಮುಗಿದು ಚಹಾ ಕುಡಿಯುವಾಗ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ.

ಮಾತಿನಲ್ಲಿ ತಪ್ಪೇನಿಲ್ಲ. ಹೊಲ ಉಳದವನಿಗೆ ಕೂರಿಗೆಯ ಭಾರ ತಿಳಿಯುವುದಿಲ್ಲ. ಚಾಕ್‌ಪೀಸು ಹಿಡಿಯದವರಿಗೆ ಐದು ತರಗತಿಯನ್ನು ಎರಡು ಕೋಣೆಯಲ್ಲಿ ಕೂರಿಸುವ ಸಂಕಟ ತಿಳಿಯುವುದಿಲ್ಲ. ಆದರೆ ಈ ಮಾತನ್ನು ಬರೀ ಆಸೆಯಾಗಿ ಉಳಿಸಿಕೊಳ್ಳುವ ಅಗತ್ಯ ನಮಗಿಲ್ಲ. ಒರೆಗೆ ಹಚ್ಚಿ ನೋಡಲು ನಮ್ಮ ಭಾಗದ್ದೇ ಒಂದು ಉದಾಹರಣೆ ಇದೆ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು, ನಮ್ಮ ಜಿಲ್ಲೆಯ ಶಿಕ್ಷಕರ ಓಟಿನಿಂದಲೇ ಗೆದ್ದು ಶಿಕ್ಷಣ ಸಚಿವರಾದರು. ಅವರೇ ಬಸವರಾಜ ಹೊರಟ್ಟಿ.

ಅವರನ್ನು ಹೊಗಳುವುದಕ್ಕೋ ತೆಗಳುವುದಕ್ಕೋ ನಾವು ಇದನ್ನು ಬರೆಯುತ್ತಿಲ್ಲ. ಎರಡನ್ನೂ ಮಾಡುವವರು ಬೇಕಾದಷ್ಟಿದ್ದಾರೆ. ಮಾಸ್ತರು ಮಂತ್ರಿಯಾದಾಗ ಏನು ಸಾಧ್ಯವಾಯಿತು, ಏನು ಆಗಲಿಲ್ಲ, ಆಗದೇ ಇದ್ದುದಕ್ಕೆ ಕಾರಣ ಮನುಷ್ಯರೋ ವ್ಯವಸ್ಥೆಯೋ ಎಂಬುದನ್ನು ನೋಡುವುದು ನಮ್ಮ ಉದ್ದೇಶ. ಏಕೆಂದರೆ ಮುಂದಿನ ಸಲ ಓಟು ಕೇಳಲು ಬರುವವರಿಗೆ ಏನು ಕೇಳಬೇಕು ಎಂಬುದು ಇದರಿಂದಲೇ ಗೊತ್ತಾಗಬೇಕು.

ಲ್ಯಾಮಿಂಗ್ಟನ್ ಮೈದಾನದಿಂದ ಪರಿಷತ್ತಿಗೆ

ಹೊರಟ್ಟಿಯವರು ಹುಟ್ಟಿದ್ದು 1946ರಲ್ಲಿ, ಮುಧೋಳ ತಾಲೂಕಿನ ಯಡಹಳ್ಳಿಯಲ್ಲಿ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದರು. 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಗೆದ್ದರು. ಆಮೇಲೆ ಆ ಕ್ಷೇತ್ರವನ್ನು ಬಿಟ್ಟುಕೊಟ್ಟೇ ಇಲ್ಲ. ದೀರ್ಘ ಕಾಲ ಜೆಡಿಎಸ್‌ನಲ್ಲಿದ್ದವರು 2022ರಲ್ಲಿ ಬಿಜೆಪಿಗೆ ಬಂದರು, ಆ ವರ್ಷದ ಚುನಾವಣೆಯಲ್ಲೂ ಗೆದ್ದರು. ಅದು ಅವರ ಎಂಟನೇ ಗೆಲುವು. ಒಂದೇ ಕ್ಷೇತ್ರದಿಂದ ಎಂಟು ಸಲ ಗೆಲ್ಲುವುದು ಸಣ್ಣ ಮಾತಲ್ಲ. ಅವರು ಮೊದಲ ಸಲ ಗೆದ್ದಾಗ ಹುಟ್ಟಿದ ಕೂಸು ಈಗ ಮಾಸ್ತರಾಗಿ ಅವರಿಗೇ ಓಟು ಹಾಕಿರಬಹುದು.

ಆ ಪಯಣದ ನಡುವೆ, 2006–07ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಜೆಡಿಎಸ್–ಬಿಜೆಪಿ ಸರಕಾರದಲ್ಲಿ ಅವರು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾಗಿದ್ದರು. ಆಮೇಲೆ ಪರಿಷತ್ತಿನ ಸಭಾಪತಿಯೂ ಆದರು. 2021ರಲ್ಲಿ ಒಮ್ಮೆ, ಪಕ್ಷ ಬದಲಿಸಿದ ಮೇಲೆ 2022ರ ಡಿಸೆಂಬರಿನಲ್ಲಿ ಮತ್ತೊಮ್ಮೆ.

ಈ ಬೆಳವಣಿಗೆಯಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಸರಕಾರಿ ಶಾಲೆಯ ಶಿಕ್ಷಕರು ನೌಕರಿಯಲ್ಲಿದ್ದುಕೊಂಡು ಚುನಾವಣೆಗೆ ನಿಲ್ಲುವಂತಿಲ್ಲ, ಪಕ್ಷದ ಕೆಲಸ ಮಾಡುವಂತಿಲ್ಲ. ಹಾಗಾಗಿ ಶಿಕ್ಷಕರ ಕ್ಷೇತ್ರದ ರಾಜಕಾರಣ ಬೆಳೆದದ್ದು ಹೆಚ್ಚಾಗಿ ಸಂಘ-ಸಂಸ್ಥೆಗಳ ಹೈಸ್ಕೂಲು, ಕಾಲೇಜುಗಳ ಸುತ್ತ. ಹಳ್ಳಿಯ ಕನ್ನಡ ಸಾಲಿಯ ಅಕ್ಕೋರು ಈ ದಾರಿಯಲ್ಲಿ ಮೊದಲಿನಿಂದಲೂ ದೂರ ನಿಂತವರು.

ಓಟು ಯಾರದು?

ಈ ವಿಷಯ ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಬಿಡಿಸಿ ಹೇಳುತ್ತೇವೆ.

ನಮ್ಮ ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. 25 ಜನರನ್ನು ಗ್ರಾಮ ಪಂಚಾಯಿತಿ ಸದಸ್ಯರಿಂದ ಹಿಡಿದು ಸ್ಥಳೀಯ ಸಂಸ್ಥೆಗಳವರು ಆರಿಸುತ್ತಾರೆ. ಇನ್ನು 25 ಜನರನ್ನು ಶಾಸಕರು ಆರಿಸುತ್ತಾರೆ. 11 ಜನ ನಾಮಕರಣದಿಂದ ಬರುತ್ತಾರೆ. ಉಳಿದ 14ರಲ್ಲಿ 7 ಪದವೀಧರರ ಕ್ಷೇತ್ರ, 7 ಶಿಕ್ಷಕರ ಕ್ಷೇತ್ರ. ಪಶ್ಚಿಮ ಶಿಕ್ಷಕರ ಕ್ಷೇತ್ರಕ್ಕೆ ಧಾರವಾಡ, ಹಾವೇರಿ, ಗದಗ, ಉತ್ತರ ಕನ್ನಡ ಜಿಲ್ಲೆಗಳು ಸೇರುತ್ತವೆ. ನಮ್ಮ ನಾಲ್ಕೂ ತಾಲೂಕು ಅದರೊಳಗೇ ಬರುತ್ತವೆ.

ಆದರೆ "ಶಿಕ್ಷಕರು" ಎಂದರೆ ಎಲ್ಲ ಶಿಕ್ಷಕರಲ್ಲ. ಸಂವಿಧಾನದ 171ನೇ ವಿಧಿ ಹೇಳುವುದು, ಪ್ರೌಢಶಾಲೆಗಿಂತ ಕೆಳಗಿಲ್ಲದ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಕಲಿಸಿದವರಿಗೆ ಈ ಓಟು ಎಂದು. ಅಂದರೆ ಹೈಸ್ಕೂಲು, ಪಿಯು, ಡಿಗ್ರಿ ಕಾಲೇಜಿನವರಿಗೆ ಓಟುಂಟು. ಒಂದನೇ ತರಗತಿಯ ಕೂಸಿನ ಬೆರಳು ಹಿಡಿದು ಅ ಆ ಬರೆಸುವ ಅಕ್ಕೋರಿಗೆ ಇಲ್ಲ. ಅವರು ಡಿಗ್ರಿ ಮುಗಿಸಿದ್ದರೆ ಪದವೀಧರರ ಕ್ಷೇತ್ರದಲ್ಲಿ ಓಟು ಹಾಕಬಹುದು. ಆದರೆ ಅಲ್ಲಿ ಅವರು ಶಿಕ್ಷಕರಾಗಿ ಓಟು ಹಾಕುವುದಿಲ್ಲ, ವಕೀಲರು, ಬ್ಯಾಂಕಿನವರು, ಕೆಲಸವಿಲ್ಲದ ಹುಡುಗರ ಜೊತೆ ಪದವೀಧರರಾಗಿ ಹಾಕುತ್ತಾರೆ. ಟಿಸಿಎಚ್ ಮಾಡಿ ನೌಕರಿಗೆ ಸೇರಿ, ಡಿಗ್ರಿ ಮಾಡದ ಹಳೆಯ ತಲೆಮಾರಿನ ಮಾಸ್ತರರಿಗೆ ಅದೂ ಇಲ್ಲ.

ಪಾಲಕರ ಮಾತಂತೂ ಇಲ್ಲಿ ಬರುವುದೇ ಇಲ್ಲ.

ಇದರ ಪರಿಣಾಮ ಏನು? ಆರು ವರ್ಷಕ್ಕೊಮ್ಮೆ ಈ ಕ್ಷೇತ್ರದ ಪ್ರಚಾರ ನಡೆದಾಗ ಕೇಳಿಬರುವ ವಿಷಯಗಳನ್ನು ನೆನಪಿಸಿಕೊಳ್ಳಿ. ಅನುದಾನ, ಕಾಲ್ಪನಿಕ ವೇತನ, ಹಳೆಯ ಪಿಂಚಣಿ, ಬಡ್ತಿ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಕಲಿಸುವವರ ಹೊಟ್ಟೆ ತುಂಬದೆ ಶಾಲೆ ನಡೆಯುವುದಿಲ್ಲ. ಆದರೆ "ನಾಲ್ಕನೇ ತರಗತಿಯ ಹುಡುಗನಿಗೆ ಓದಲು ಬರುತ್ತಿಲ್ಲ, ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಈ ಚುನಾವಣೆಯಲ್ಲಿ ಬರುವುದಿಲ್ಲ. ಅದನ್ನು ಕೇಳಬೇಕಾದವರಿಗೆ ಓಟಿಲ್ಲ, ಓಟಿದ್ದವರ ಮುಂದೆ ಆ ಹುಡುಗನಿಲ್ಲ.

ಶಿಕ್ಷಕರ ಪ್ರತಿನಿಧಿ ಮತ್ತು ಶಿಕ್ಷಣದ ಪ್ರತಿನಿಧಿ ಒಂದೇ ಎಂದು ನಾವು ತಿಳಿದುಕೊಂಡಿದ್ದೇವೆ. ಎರಡೂ ಒಂದೇ ಅಲ್ಲ.

ಇಪ್ಪತ್ತು ತಿಂಗಳು, ಮೂರು ಕೆಲಸ

2006ರ ಫೆಬ್ರುವರಿಯಲ್ಲಿ ಬಂದ ಆ ಸರಕಾರ 2007ರ ಅಕ್ಟೋಬರಿನಲ್ಲಿ ಬಿತ್ತು. ಇಪ್ಪತ್ತು ತಿಂಗಳು. ಅಷ್ಟರಲ್ಲಿ ಶಿಕ್ಷಣ ಇಲಾಖೆಯಲ್ಲಿ ಇಂದಿಗೂ ನಮ್ಮ ಊರುಗಳನ್ನು ಮುಟ್ಟುವ ಮೂರು ಕೆಲಸಗಳು ನಡೆದವು. ಒಂದೊಂದಾಗಿ ನೋಡೋಣ.

ಮೊದಲನೆಯದು ಮಾಧ್ಯಮದ ಗಲಾಟೆ. 1994ರ ಏಪ್ರಿಲ್‌ನಲ್ಲಿ ಸರಕಾರ ಭಾಷಾ ನೀತಿಯ ಆದೇಶ ಹೊರಡಿಸಿತ್ತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂಬುದು ಅದರ ತಿರುಳು. ಖಾಸಗಿ ಶಾಲೆಗಳು ಏನು ಮಾಡಿದವು? ಕಾಗದದ ಮೇಲೆ ಕನ್ನಡ ಮಾಧ್ಯಮ ಎಂದು ಬರೆದು ಅನುಮತಿ ತಗೊಂಡವು, ಒಳಗೆ ಇಂಗ್ಲಿಷಿನಲ್ಲಿ ಕಲಿಸಿದವು. ಬೋರ್ಡಿನ ಮೇಲೆ ಒಂದು, ಬೋಧನೆಯಲ್ಲಿ ಇನ್ನೊಂದು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಹೊರಟ್ಟಿಯವರ ಕಾಲದಲ್ಲಿ ಇಲಾಖೆ ಅದನ್ನು ಮುಟ್ಟಿತು. 2006ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡುವ ಕ್ರಮಕ್ಕೆ ಸರಕಾರ ಕೈಹಾಕಿತು.

ಕೊಟ್ಟ ಮಾತಿನಂತೆ ನಡೆಯಿರಿ ಎಂದು ಕೇಳುವುದು ಒಬ್ಬ ಮಾಸ್ತರು ಮಾಡುವಂಥ ಕೆಲಸವೇ. ಹುಡುಗ ಸುಳ್ಳು ಹೇಳಿದರೆ ಮಾಸ್ತರು ಬಿಡುವುದಿಲ್ಲ. ಆದರೆ ಶಾಲೆಗಳ ಆಡಳಿತ ಮಂಡಳಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2008ರಲ್ಲಿ ಹೈಕೋರ್ಟು ಖಾಸಗಿ ಅನುದಾನರಹಿತ ಶಾಲೆಗಳ ಮೇಲೆ ಮಾಧ್ಯಮ ಹೇರುವಂತಿಲ್ಲ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬುದು ಪಾಲಕರ ಆಯ್ಕೆ ಎಂದಾಯಿತು. ಅಲ್ಲಿಗೆ ಆ ಕಥೆ ಮುಗಿಯಿತು.

ಎರಡನೆಯದು ಅದಕ್ಕೆ ತಿರುವುಮುರುವಾದದ್ದು. 2007–08ರಿಂದ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುಮಾಡಿದರು. ಅದಕ್ಕೂ ಮುಂಚೆ ನಮ್ಮ ಹಳ್ಳಿಯ ಮಕ್ಕಳು ಎಬಿಸಿಡಿ ನೋಡುತ್ತಿದ್ದುದು ಐದನೇ ತರಗತಿಯಲ್ಲಿ. ಸಾಹಿತಿಗಳಲ್ಲಿ ಹಲವರು ವಿರೋಧಿಸಿದರು. ಹಳ್ಳಿಯ ಪಾಲಕರು ವಿರೋಧಿಸಲಿಲ್ಲ. ಸಾಹುಕಾರನ ಮಗನಿಗೆ ಸಿಗುವುದು ತಮ್ಮ ಮಗನಿಗೂ ಸಿಗಲಿ ಎಂದೇ ಅವರ ಆಸೆ.

ಈ ವಿಷಯದಲ್ಲಿ ನಾವು ಪಾಲಕರ ಜೊತೆಗೇ ನಿಲ್ಲುತ್ತೇವೆ. ಆದರೆ ಒಂದು ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಕಲಿಸುವವರು ಯಾರು? ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಕೆಲವು ದಿನದ ತರಬೇತಿ ಪಡೆದು, ಬಾಕಿ ಎಲ್ಲ ವಿಷಯಗಳ ಜೊತೆ ಇಂಗ್ಲಿಷನ್ನೂ ಹೊತ್ತವರು ಅದೇ ಅಕ್ಕೋರು. ಮಾಸ್ತರಾಗಿದ್ದ ಮಂತ್ರಿಗೆ ಇದು ಗೊತ್ತಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಗೊತ್ತಿದ್ದೂ ಮಾಡಲಾಗದ್ದು ಇರುತ್ತದೆ. ಹೊಸ ಪುಸ್ತಕ ಅಚ್ಚು ಹಾಕಿಸಲು ಒಂದು ವರ್ಷ ಸಾಕು. ಇಂಗ್ಲಿಷ್ ಕಲಿಸಬಲ್ಲ ಶಿಕ್ಷಕರನ್ನು ತಯಾರು ಮಾಡಲು ಹತ್ತು ವರ್ಷ ಬೇಕು. ಸರಕಾರಕ್ಕೆ ಇದ್ದದ್ದು ಇಪ್ಪತ್ತು ತಿಂಗಳು.

ಹನ್ನೆರಡು ವರ್ಷದ ಮೇಲೆ, 2019ರಲ್ಲಿ, ಅದೇ ಕುಮಾರಸ್ವಾಮಿಯವರು ಮತ್ತೆ ಮುಖ್ಯಮಂತ್ರಿಯಾಗಿದ್ದಾಗ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೇ ತೆರೆದರು. ಇಂಗ್ಲಿಷನ್ನು ವಿಷಯವಾಗಿ ಕಲಿಸಿದ್ದರಿಂದ ಪಾಲಕರ ನಂಬಿಕೆ ಉಳಿಯಲಿಲ್ಲ ಎಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತು. ಇವತ್ತು ಬೆಳಗಿನ ಎಂಟು ಗಂಟೆಗೆ ನಮ್ಮ ಯಾವ ದೊಡ್ಡ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಹಳದಿ ವ್ಯಾನುಗಳು ಹಳ್ಳಿಹಳ್ಳಿಯ ಮಕ್ಕಳನ್ನು ತುಂಬಿಕೊಂಡು ಹೋಗುವುದು ಕಾಣುತ್ತದೆ. ಅದಕ್ಕೆ ಬೇರೆ ಪುರಾವೆ ಬೇಡ.

ಮೂರನೆಯದು ವರ್ಗಾವಣೆ ಕಾಯ್ದೆ. ನಮ್ಮ ಪ್ರಕಾರ ಆ ಕಾಲದಿಂದ ಬಂದ ಕೆಲಸಗಳಲ್ಲಿ ಇದೇ ದೊಡ್ಡದು. ಶಿಕ್ಷಕರ ವರ್ಗಾವಣೆ ಮೊದಲು ಹೇಗೆ ನಡೆಯುತ್ತಿತ್ತು ಎಂಬುದನ್ನು ಹಿರಿಯ ಮಾಸ್ತರರನ್ನು ಕೇಳಿ. ಶಾಸಕರ ಪತ್ರ, ಬೆಂಗಳೂರಿನ ಓಡಾಟ, ಕೈಬಿಸಿ. ಯಾರಿಗೆ ಯಾವ ಊರು ಎಂಬುದು ಅರ್ಹತೆಯಿಂದಲ್ಲ, ಪರಿಚಯದಿಂದ ತೀರ್ಮಾನವಾಗುತ್ತಿತ್ತು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಇದಕ್ಕೆ ನಿಯಮದ ಬೇಲಿ ಹಾಕಿತು. ಸೇವಾ ಅವಧಿ, ಗಂಡ-ಹೆಂಡತಿ ಇಬ್ಬರೂ ನೌಕರಿಯಲ್ಲಿರುವುದು, ಕಾಯಿಲೆ, ಅಂಗವೈಕಲ್ಯ, ಇವುಗಳ ಆಧಾರದಲ್ಲಿ ಪಟ್ಟಿ ಮಾಡಿ, ಕೌನ್ಸೆಲಿಂಗ್‌ನಲ್ಲಿ ಖಾಲಿ ಜಾಗ ತೋರಿಸಿ ಆರಿಸಿಕೊಳ್ಳಲು ಹೇಳುವ ಪದ್ಧತಿ ಗಟ್ಟಿಯಾಯಿತು. ಯಾರ ಮನೆ ಬಾಗಿಲಿಗೂ ಹೋಗದೆ ವರ್ಗವಾದ ಸಾವಿರಾರು ಶಿಕ್ಷಕಿಯರು ಇದಕ್ಕೆ ಋಣಿಗಳು. ಶಿಕ್ಷಕರ ಕಷ್ಟ ಗೊತ್ತಿದ್ದ ಸಚಿವರಿಂದ ಬಂದ ನಿಜವಾದ ಫಲ ಇದು.

ಆದರೆ ಅದೇ ಕಾಯ್ದೆಯನ್ನು ಹಳ್ಳಿಯ ಕಡೆಯಿಂದ ನೋಡಿ. ಕೌನ್ಸೆಲಿಂಗ್‌ನಲ್ಲಿ ಕುಳಿತ ಶಿಕ್ಷಕರು ಮೊದಲು ಆರಿಸುವುದು ಹೆದ್ದಾರಿ ಬದಿಯ ಊರು, ತಾಲೂಕು ಕೇಂದ್ರದ ಹತ್ತಿರದ ಊರು. ಶಿಗ್ಗಾವಿ, ಬಂಕಾಪುರದಂಥ ಹೆದ್ದಾರಿ ಊರಾದರೆ ಹುಬ್ಬಳ್ಳಿಯಲ್ಲಿ ಮನೆ ಮಾಡಿ ದಿನಾ ಬಂದು ಹೋಗಬಹುದು. ಹಾನಗಲ್ಲಿನ ಪಶ್ಚಿಮಕ್ಕೆ ಕಾಡಂಚಿನ ಊರು, ಹಿರೇಕೆರೂರಿನ ದಕ್ಷಿಣಕ್ಕೆ ಗಡಿಯಂಚಿನ ಊರು ಕೊನೆಗೆ ಉಳಿಯುತ್ತವೆ. ಅಲ್ಲಿಗೆ ಹೊಸದಾಗಿ ನೇಮಕವಾದ ಹುಡುಗ ಬರುತ್ತಾನೆ. ಮಕ್ಕಳ ಹೆಸರು ಬಾಯಿಪಾಠವಾಗಿ, ಊರಿನ ಮಂದಿ ಹಚ್ಚಿಕೊಳ್ಳುವ ಹೊತ್ತಿಗೆ ಅವನ ಸೇವಾ ಅವಧಿ ತುಂಬುತ್ತದೆ. ಅವನೂ ಹೋಗುತ್ತಾನೆ. ನಿಯಮದ ಪ್ರಕಾರವೇ ಹೋಗುತ್ತಾನೆ. ಅವನದೇನೂ ತಪ್ಪಿಲ್ಲ.

ಪಟ್ಟಣದಲ್ಲೇ ಬಹಳ ವರ್ಷ ಬೇರೂರಿದವರನ್ನು ಹಳ್ಳಿಗೆ ಕಳಿಸುವ ಕಡ್ಡಾಯ ವರ್ಗಾವಣೆ ನಡೆದಾಗ 2019ರಲ್ಲಿ ಎಷ್ಟು ಗದ್ದಲವಾಯಿತು ಎಂಬುದು ನೆನಪಿರಬಹುದು. 2020ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದೇ ಬಂತು. ತಿದ್ದುಪಡಿಗಾಗಿ ಒತ್ತಡ ತರಲು ಶಿಕ್ಷಕರಿಗೆ ಸಂಘಗಳಿದ್ದವು. "ನಮ್ಮೂರಿಗೆ ಮಾಸ್ತರನ್ನ ಕಳಿಸ್ರೀ" ಎಂದು ಒತ್ತಡ ತರಲು ಊರಿಗೆ ಯಾವ ಸಂಘವಿತ್ತು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಆ ಕಾಯ್ದೆ ಶಿಕ್ಷಕರಿಗೆ ನ್ಯಾಯ ಕೊಟ್ಟಿತು, ಊರಿಗೆ ಶಿಕ್ಷಕರನ್ನು ಕೊಡಲಿಲ್ಲ.

ಬೇರೆ ಮಂತ್ರಿಗಳು, ಬೇರೆ ಮಾಸ್ತರರು

ಕಲಿಸುವ ಕೆಲಸದಿಂದ ಬಂದು ಶಿಕ್ಷಣ ಖಾತೆ ಹಿಡಿದವರು ಇವರೊಬ್ಬರೇ ಅಲ್ಲ. ಅರ್ಥಶಾಸ್ತ್ರದ ದೊಡ್ಡ ಮೇಷ್ಟ್ರು ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು 1969ರಿಂದ 1971ರವರೆಗೆ ಕೇಂದ್ರ ಶಿಕ್ಷಣ ಸಚಿವರಾಗಿದ್ದರು. ಆದರೆ ಇಂದು ಅವರ ಹೆಸರು ಉಳಿದಿರುವುದು ಮಂತ್ರಿಗಿರಿಯಿಂದಲ್ಲ. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಬೆಂಗಳೂರಿನ ಐಸೆಕ್‌ನಂಥ ಸಂಸ್ಥೆಗಳನ್ನು ಕಟ್ಟಿದ್ದರಿಂದ. ಮಂತ್ರಿಯ ಕುರ್ಚಿಯಲ್ಲಿ ಸಿಕ್ಕಿದ್ದು ಎರಡು ವರ್ಷ, ಸಂಸ್ಥೆ ಕಟ್ಟಲು ಸಿಕ್ಕಿದ್ದು ಒಂದು ಜನ್ಮ.

ದೂರದ ಪ್ಯಾಲೆಸ್ಟೈನಿನದೂ ಒಂದು ಉದಾಹರಣೆ ನೋಡಿ. ಹನಾನ್ ಅಶ್ರಾವಿ ಬಿರ್‌ಜೈತ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದವರು. ಇಸ್ರೇಲಿ ಸೇನೆಯ ಆದೇಶದಿಂದ ಆ ವಿಶ್ವವಿದ್ಯಾಲಯ 1988ರಿಂದ 1992ರವರೆಗೆ ಬಾಗಿಲು ಮುಚ್ಚಿತ್ತು. ನಮ್ಮಲ್ಲಿ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಏನಾದರು ಎಂದು ನೋಡಿದ್ದೇವೆ. ಅಲ್ಲಿ ನಾಲ್ಕು ವರ್ಷ. ಹಾಗಿದ್ದೂ ಮೇಷ್ಟ್ರುಗಳು ಮನೆಗಳಲ್ಲಿ, ಸಿಕ್ಕ ಸಿಕ್ಕ ಕೋಣೆಗಳಲ್ಲಿ ಪಾಠ ನಡೆಸಿದರು. ಮುಂದೆ 1996ರಲ್ಲಿ ಅಶ್ರಾವಿ ಉನ್ನತ ಶಿಕ್ಷಣ ಸಚಿವೆಯಾದರು. 1998ರಲ್ಲಿ ತಮ್ಮದೇ ಸರಕಾರದ ನಡತೆ ಸರಿಬಾರದೆ ಹೊರಬಂದರು. ಮಾಸ್ತರಿಕೆಯ ಅನುಭವ, ಹೆಸರು, ಧೈರ್ಯ ಎಲ್ಲ ಇದ್ದವರಿಗೂ ಕುರ್ಚಿಯಲ್ಲಿ ಕೂತು ಮಾಡಲಾಗದ ಕೆಲಸ ಇತ್ತು ಎಂಬುದಷ್ಟೇ ನಮಗೆ ಇಲ್ಲಿ ಮುಖ್ಯ.

ಇನ್ನೊಂದು ಕಡೆಯನ್ನೂ ನೋಡಬೇಕು. ಕೊಪ್ಪದ ಎಚ್.ಜಿ. ಗೋವಿಂದೇಗೌಡರು 1994ರ ನಂತರದ ಜನತಾದಳ ಸರಕಾರದಲ್ಲಿ ಶಿಕ್ಷಣ ಸಚಿವರಾಗಿದ್ದರು. ಅವರು ರಾಜಕೀಯಕ್ಕೆ ಬಂದದ್ದು ಸ್ವಾತಂತ್ರ್ಯ ಹೋರಾಟದ ದಾರಿಯಿಂದ, ಶಿಕ್ಷಕರ ಕ್ಷೇತ್ರದಿಂದಲ್ಲ. ಆದರೂ ಇವತ್ತಿಗೂ ನಮ್ಮ ಕಡೆ ಐವತ್ತು ದಾಟಿದ ಪ್ರಾಥಮಿಕ ಶಿಕ್ಷಕರನ್ನು ಕೇಳಿದರೆ "ಗೋವಿಂದೇಗೌಡ್ರ ಕಾಲದಾಗ ನೌಕರಿ ಸಿಕ್ತು, ಒಂದು ಪೈಸೆ ಕೊಟ್ಟಿಲ್ಲ" ಎನ್ನುವವರು ಸಿಗುತ್ತಾರೆ. ಅಂಕದ ಆಧಾರದ ಮೇಲೆ, ಸಂದರ್ಶನದ ಹೆಸರಿನ ವ್ಯವಹಾರವಿಲ್ಲದೆ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರ ನೇಮಕ ನಡೆದದ್ದು ಆಗ. ಕೂಲಿ ಮಾಡುವವರ ಮಗಳು, ಹೊಲಗೇರಿಯ ಹುಡುಗ ಮಾಸ್ತರಾದದ್ದು ಆಗ. ಒಂದು ಊರಿಗೆ ಶಿಕ್ಷಕರನ್ನು ಕೊಡುವುದು ಎಂದರೆ ಇದು.

ನಮ್ಮ ಮಣ್ಣಿನವರೂ ಇದ್ದಾರೆ. ಶಿಗ್ಗಾವಿ–ಸವಣೂರು ಸೀಮೆಯ ಕಾರಡಗಿಯಲ್ಲಿ ಹುಟ್ಟಿದ ಎಸ್.ಆರ್. ಬೊಮ್ಮಾಯಿ ವಕೀಲರಾಗಿದ್ದವರು. ಮುಖ್ಯಮಂತ್ರಿಯಾದರು, 1996ರಿಂದ 1998ರವರೆಗೆ ಇಡೀ ದೇಶದ ಶಿಕ್ಷಣ ನೋಡುವ ಮಾನವ ಸಂಪನ್ಮೂಲ ಸಚಿವರಾಗಿದ್ದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಜೀವನವಿಡೀ ಮೇಷ್ಟ್ರಾಗಿ, ಪ್ರಿನ್ಸಿಪಾಲರಾಗಿ, ಕುಲಪತಿಯಾಗಿ ಇದ್ದರು. ಮಂತ್ರಿಯಾಗಲಿಲ್ಲ. ಆದರೆ 1981ರಲ್ಲಿ ಅವರ ಸಮಿತಿ ಕೊಟ್ಟ ವರದಿ ಯಾವ ಮಂತ್ರಿಯ ಆದೇಶಕ್ಕಿಂತಲೂ ಹೆಚ್ಚು ಜನರನ್ನು ಬೀದಿಗಿಳಿಸಿತು. ಗೋಕಾಕ್ ಚಳವಳಿ ಎಂದರೆ ಇಂದಿಗೂ ಕನ್ನಡಿಗರಿಗೆ ಗೊತ್ತು. ಆ ಗೋಕಾಕರು ಸವಣೂರಿನವರು ಎಂಬುದು ಸವಣೂರಿನ ಮಕ್ಕಳಿಗೇ ಎಷ್ಟು ಗೊತ್ತಿದೆಯೋ.

ಇವರೆಲ್ಲರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಕಾಣುವುದು ಇಷ್ಟು. ಮಾಸ್ತರಿಕೆಯ ಅನುಭವ ಮಂತ್ರಿಗೆ ಉಪಯೋಗಕ್ಕೆ ಬರುತ್ತದೆ, ಆದರೆ ಅದೇ ಸಾಲದು. ಯಾರ ಓಟಿನಿಂದ ಬಂದಿದ್ದಾರೆ, ಎಷ್ಟು ದಿನ ಇರುತ್ತಾರೆ, ಕೆಳಗಿನಿಂದ ಯಾರು ಕೇಳುತ್ತಿದ್ದಾರೆ ಎಂಬ ಮೂರು ಸಂಗತಿ ಅದಕ್ಕಿಂತ ಹೆಚ್ಚು ತೂಗುತ್ತವೆ. ಮೊದಲಿನೆರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ.

ನಾವು ಕೇಳಬೇಕಾದ್ದು

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಊರಿನವರಿಗೆ ಗೊತ್ತಿರಬೇಕಾದ ಕೆಲವು ಸಾಲುಗಳಿವೆ. ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ, ಮುಂದಿನ ಎಸ್‌ಡಿಎಂಸಿ ಸಭೆಗೆ ಬೇಕಾಗುತ್ತವೆ.

ಒಂದು, ಕಾಯ್ದೆಯ 26ನೇ ಕಲಂ. ಸರಕಾರಿ ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರುವಂತಿಲ್ಲ. ನಿಮ್ಮೂರ ಶಾಲೆಗೆ ಐದು ಹುದ್ದೆ ಮಂಜೂರಾಗಿ ಎರಡು ಖಾಲಿ ಇದ್ದರೆ ನೂರಕ್ಕೆ ನಲವತ್ತು ಖಾಲಿ. ಅದನ್ನು ಅತಿಥಿ ಶಿಕ್ಷಕರಿಂದ ತುಂಬಿದ್ದೇವೆ ಎಂದು ಬಿಇಓ ಕಚೇರಿ ಹೇಳಬಹುದು. ಅತಿಥಿ ಶಿಕ್ಷಕರು ದುಡಿಯುವುದರಲ್ಲಿ ಕಡಿಮೆಯಿಲ್ಲ. ಆದರೆ ಗೌರವಧನ ತಿಂಗಳುಗಟ್ಟಲೆ ತಡವಾಗಿ, ಬರುವ ವರ್ಷ ಇರುತ್ತೇವೋ ಇಲ್ಲವೋ ತಿಳಿಯದವರ ಮೇಲೆ ಒಂದು ಶಾಲೆಯನ್ನು ನಿಲ್ಲಿಸುವುದು ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಹಾಕಿದಂತೆ.

ಎರಡು, 27ನೇ ಕಲಂ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. 2025ರ ದಸರೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ಅಲೆದದ್ದು, ಅದಕ್ಕಾಗಿ ಶಾಲೆಯ ರಜೆ ಅಕ್ಟೋಬರ್ 18ರವರೆಗೆ ಬೆಳೆದದ್ದು ನಾವೆಲ್ಲ ನೋಡಿದ್ದೇವೆ. ಸಮೀಕ್ಷೆ ಬೇಕೋ ಬೇಡವೋ ಎಂಬ ಜಗಳ ಬೇರೆ. ಆ ದಿನಗಳ ಪಾಠ ಯಾರು ತುಂಬಿಕೊಡುತ್ತಾರೆ ಎಂದು ಕೇಳುವ ಹಕ್ಕು ಪಾಲಕರಿಗೆ ಇದೆ.

ಮೂರು, 21ನೇ ಕಲಂ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳಿರಬೇಕು. ನಮ್ಮ ಬಹಳ ಊರುಗಳಲ್ಲಿ ಅಧ್ಯಕ್ಷಗಿರಿ ಎಂದರೆ ಆಗಸ್ಟ್ 15ಕ್ಕೆ ಧ್ವಜ ಹಾರಿಸುವ ಗೌರವ ಎಂದಾಗಿದೆ. ಅದನ್ನು ಪಾರ್ಟಿಗಳು ಹಂಚಿಕೊಳ್ಳುತ್ತವೆ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ಹೋಗುವ ತಾಯಿಯ ಸಹಿ ಮಾತ್ರ ಬೇಕು, ಮಾತು ಬೇಡ. ನಮ್ಮ ಅನಿಸಿಕೆ ಏನೆಂದರೆ, ಮಗ ಇವತ್ತು ಸಾಲಿಯಲ್ಲಿ ಏನು ಕಲಿತ ಎಂದು ಸಂಜೆ ಕೇಳುವವಳು ಅವಳೇ. ಸಭೆಯಲ್ಲಿ ಮೊದಲು ಮಾತಾಡಬೇಕಾದವಳೂ ಅವಳೇ.

ನಾಲ್ಕು, ಆಟದ ಮಾಸ್ತರು. ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣ, ಚಿತ್ರಕಲೆ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಾದರೂ ಇರಬೇಕು. ದೈಹಿಕ ಶಿಕ್ಷಕರಾಗಿದ್ದವರು ಶಿಕ್ಷಣ ಸಚಿವರಾದ ರಾಜ್ಯ ಇದು, ಪರಿಷತ್ತಿನ ಅತಿ ಎತ್ತರದ ಕುರ್ಚಿಯಲ್ಲಿ ಅವರನ್ನು ಕೂರಿಸಿದ ರಾಜ್ಯ ಇದು. ಆದರೂ ನಾವು ಹೋದ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸೀಟಿ ಊದುವವರೇ ಇಲ್ಲ. ಕಬಡ್ಡಿ, ಖೋಖೋದಲ್ಲಿ ನಮ್ಮ ಹುಡುಗ-ಹುಡುಗಿಯರ ಕಾಲಿನಲ್ಲಿರುವ ಕಸುವು ಎಲ್ಲರಿಗೂ ಗೊತ್ತು. ಅದನ್ನು ತಾಲೂಕು ಮಟ್ಟ ದಾಟಿಸುವವರು ಇಲ್ಲ.

ಇನ್ನು ಓಟಿನ ಮಾತು. ಪಶ್ಚಿಮ ಶಿಕ್ಷಕರ ಕ್ಷೇತ್ರದ ಮುಂದಿನ ಚುನಾವಣೆ 2028ರಲ್ಲಿ ಬರಬೇಕು. ಈ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಳೆಯ ಪಟ್ಟಿಯಲ್ಲಿ ಹೆಸರಿತ್ತು ಎಂದು ಕೂರುವಂತಿಲ್ಲ, ನಮೂನೆ 19 ತುಂಬಿ ಕೊಡಬೇಕು. ನಮ್ಮ ಓದುಗರಲ್ಲಿ ಇರುವ ಹೈಸ್ಕೂಲು, ಕಾಲೇಜಿನ ಗುರುಗಳಿಗೆ ನಮ್ಮ ವಿನಂತಿ ಇಷ್ಟೇ. ಹೆಸರು ಹಚ್ಚಿಸಿ. ಓಟು ಕೇಳಲು ಬಂದವರಿಗೆ ನಿಮ್ಮ ಪಿಂಚಣಿಯ ಪ್ರಶ್ನೆ ಕೇಳಿ, ಅದು ನಿಮ್ಮ ಹಕ್ಕು. ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ನಿಮ್ಮ ಎಂಟನೇ ತರಗತಿಗೆ ಬರುವ ಮಕ್ಕಳು ಕನ್ನಡ ಸಾಲಿಯಿಂದ ಓದಲು, ಲೆಕ್ಕ ಮಾಡಲು ಬಾರದೆ ಬರುತ್ತಿದ್ದಾರಲ್ಲ, ಅಲ್ಲಿ ಖಾಲಿ ಇರುವ ಹುದ್ದೆ ಯಾವಾಗ ತುಂಬುತ್ತೀರಿ? ಪ್ರಾಥಮಿಕ ಶಿಕ್ಷಕರಿಗೆ ಓಟು ಕೊಡಲು ಸಂಸತ್ತೇ ಕಾನೂನು ಮಾಡಬೇಕು, ಅದು ದಿಲ್ಲಿಯ ಕೆಲಸ, ನಾಳೆಗೆ ಆಗುವಂಥದ್ದಲ್ಲ. ಅಲ್ಲಿಯವರೆಗೆ ಅವರ ಪರವಾಗಿ ಕೇಳಬೇಕಾದವರು ನೀವೇ.

ಮಾಸ್ತರಾಗಿದ್ದವರು ಮಂತ್ರಿಯಾಗಲಿ, ನಮಗೆ ಸಂತೋಷವೇ. ಆದರೆ ಮಂತ್ರಿ ಯಾವ ಕೆಲಸದಿಂದ ಬಂದವರು ಎಂಬುದಕ್ಕಿಂತ, ನಮ್ಮೂರ ಶಾಲೆಯ ಹಾಜರಿ ಪುಸ್ತಕದಲ್ಲಿ ಎಷ್ಟು ಶಿಕ್ಷಕರ ಸಹಿ ಇದೆ ಎಂಬುದನ್ನು ತಿಂಗಳಿಗೊಮ್ಮೆ ನೋಡುವವರು ಊರಿನಲ್ಲಿ ಇದ್ದಾರೆಯೇ ಎಂಬುದು ದೊಡ್ಡ ಪ್ರಶ್ನೆ. ನಿಮ್ಮ ಊರ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಎಂದು ಮುಖ್ಯ ಗುರುಗಳನ್ನು ಕೇಳಿ ತಿಳಿದುಕೊಳ್ಳಿ. ಹೇಳದಿದ್ದರೆ ಬಿಇಓ ಕಚೇರಿಗೆ ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು, ಹತ್ತು ರೂಪಾಯಿ ಖರ್ಚು. ಆ ಲೆಕ್ಕವನ್ನು ನಮಗೂ ಕಳಿಸಿ. ನಾಲ್ಕೂ ತಾಲೂಕಿನ ಪಟ್ಟಿಯನ್ನು ಊರು ಊರಿನ ಹೆಸರಿನೊಂದಿಗೆ ನಾವು ಇಲ್ಲಿ ಹಾಕುತ್ತೇವೆ.